ಕ್ಷಯರೋಗ ಮತ್ತು ಪ್ರಾಥಮಿಕ ಆರೋಗ್ಯ ಸೇವೆ: ದಕ್ಷಿಣ ಭಾರತದ ಸಂಶೋಧನೆ

ಕ್ಷಯದ ಚಿಕಿತ್ಸೆಯನ್ನು ಸ್ಯಾನಟೋರಿಯಂನಿಂದ ಬಿಡಿಸಿ ರೋಗಿಯ ಮನೆಗೆ, ಊರ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಂದ ಸಂಶೋಧನೆಯಲ್ಲಿ ಮದರಾಸು ಮತ್ತು ಬೆಂಗಳೂರಿನ ಎರಡು ಸಂಸ್ಥೆಗಳ ಪಾಲು ದೊಡ್ಡದು. 1956ರಿಂದ ಸುಮಾರು ಎರಡು ದಶಕ ಅಲ್ಲಿ ನಡೆದ ಅಧ್ಯಯನಗಳು ಯಾವ ಔಷಧಿ ಒಳ್ಳೆಯದು ಎಂದಷ್ಟೇ ಕೇಳಲಿಲ್ಲ. ಬಡ ದೇಶದಲ್ಲಿ ಅದನ್ನು ರೋಗಿಗೆ ಮುಟ್ಟಿಸುವುದು ಹೇಗೆ, ಮುಟ್ಟಿದ ಮೇಲೆ ಅವನು ನುಂಗುವಂತೆ ನೋಡಿಕೊಳ್ಳುವುದು ಹೇಗೆ ಎಂದೂ ಕೇಳಿದವು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು, ಸಾರ್ವಜನಿಕ ಆರೋಗ್ಯ ದಾದಿಯರು, ಮನೆಮನೆ ತಿರುಗುವ ಹೆಲ್ತ್ ವಿಸಿಟರುಗಳು ಒಟ್ಟಾಗಿ ಮಾಡಿದ ಕೆಲಸ ಇದು. ಇದರಿಂದ ಜಗತ್ತಿನ ಕ್ಷಯ ನೀತಿಯೇ ಬದಲಾಯಿತು. ಆದರೆ ಎಲ್ಲ ಫಲಿತಾಂಶಗಳಿಗೂ ಒಂದೇ ಗತಿ ಸಿಗಲಿಲ್ಲ. ಸರ್ಕಾರದ ಖರ್ಚು ಉಳಿಸುವಂಥವು ಬೇಗ ಜಾರಿಗೆ ಬಂದವು. ಖರ್ಚು ತರುವಂಥವು ದಶಕಗಟ್ಟಲೆ ಕಾದವು.

ಹಿನ್ನೆಲೆ

ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ ಮೇಲೂ ಆರು ದಶಕಗಳ ಕಾಲ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಊಟ ಇಷ್ಟೇ ಚಿಕಿತ್ಸೆ. ಅದಕ್ಕಾಗಿಯೇ ಊರಾಚೆ ಸ್ಯಾನಟೋರಿಯಂಗಳು ಬಂದವು. ಆಂಧ್ರದ ಮದನಪಲ್ಲಿ ಬಳಿಯ ಆರೋಗ್ಯವರಂ ಇವುಗಳಲ್ಲಿ ಹೆಸರುವಾಸಿ. ಮೈಸೂರಿನಲ್ಲಿ ಇಂದಿಗೂ ಜನ ‘ಪಿಕೆಟಿಬಿ’ ಎಂದೇ ಕರೆಯುವ ಆಸ್ಪತ್ರೆ, ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ರೋಗ ಅರಮನೆಯನ್ನೂ ಬಿಟ್ಟಿರಲಿಲ್ಲ ಎಂಬುದಕ್ಕೆ ಆ ಹೆಸರೇ ಸಾಕ್ಷಿ.

1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಮತ್ತು ಪಾಸ್, 1952ರಲ್ಲಿ ಐಸೋನಿಯಾಜಿಡ್ ಬಳಕೆಗೆ ಬಂದವು. ಸ್ಟ್ರೆಪ್ಟೋಮೈಸಿನ್‌ನ ಗುಣ ಅಳೆಯಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕವಾಗಿ ಗೊತ್ತುಮಾಡಲಾಗಿತ್ತು. ಈ ಯಾದೃಚ್ಛಿಕ ಪ್ರಯೋಗದ ವಿಧಾನವೇ ಮುಂದೆ ಮದರಾಸಿಗೆ ಬಂದದ್ದು.

ಭಾರತದ ಲೆಕ್ಕ ಮಾತ್ರ ಕಂಗೆಡಿಸುವಂತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1955–58ರಲ್ಲಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಎಕ್ಸ್-ರೇಯಲ್ಲಿ ಸಕ್ರಿಯ ಕ್ಷಯ ಕಂಡವರು ಸಾವಿರಕ್ಕೆ 13ರಿಂದ 25, ಕಫದಲ್ಲಿ ರೋಗಾಣು ಇದ್ದವರು ಸಾವಿರಕ್ಕೆ 2ರಿಂದ 8 ಎಂದು ತಿಳಿಯಿತು. ಕ್ಷಯ ಪಟ್ಟಣದ ಕಾಯಿಲೆ, ಹಳ್ಳಿಯಲ್ಲಿ ಒಳ್ಳೆಯ ಗಾಳಿ ಇದೆ ಎಂಬ ನಂಬಿಕೆ ಇಲ್ಲಿಗೆ ಮುರಿಯಿತು. ಹಳ್ಳಿಯಲ್ಲೂ ಅಷ್ಟೇ ರೋಗವಿತ್ತು, ಜನರಲ್ಲಿ ಬಹುಪಾಲು ಇದ್ದದ್ದೂ ಅಲ್ಲೇ. ದೇಶದಲ್ಲಿ ಕ್ಷಯಕ್ಕೆಂದು ಇದ್ದ ಹಾಸಿಗೆಗಳು ಕೆಲವು ಹತ್ತು ಸಾವಿರ. ಸೋಂಕು ಹರಡುವ ರೋಗಿಗಳು ಹತ್ತು ಲಕ್ಷಕ್ಕೂ ಮಿಕ್ಕಿ. ಎಷ್ಟು ಸ್ಯಾನಟೋರಿಯಂ ಕಟ್ಟಿದರೂ ಮುಗಿಯುವ ಲೆಕ್ಕವಲ್ಲ.

ಮದರಾಸು: ಮನೆಯೋ, ಸ್ಯಾನಟೋರಿಯಮೋ

1956ರಲ್ಲಿ ಮದರಾಸಿನಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮಂಡಳಿ ನಾಲ್ವರೂ ಸೇರಿ ನಡೆಸಿದ ಈ ಕೇಂದ್ರದ ಮೊದಲ ಮುಖ್ಯಸ್ಥ ವಾಲೇಸ್ ಫಾಕ್ಸ್. ಅವರ ಮೊದಲ ಪ್ರಶ್ನೆ ನೇರವಾಗಿತ್ತು. ಔಷಧಿ ಒಂದೇ ಆದರೆ, ಸ್ಯಾನಟೋರಿಯಂನಲ್ಲಿ ಮಲಗಿದವನಿಗೂ ಕೊಳೆಗೇರಿಯ ಗುಡಿಸಲಲ್ಲಿ ಇರುವವನಿಗೂ ಗುಣವಾಗುವುದರಲ್ಲಿ ವ್ಯತ್ಯಾಸ ಎಷ್ಟು?

193 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಾಸ್. ಸ್ಯಾನಟೋರಿಯಂ ಗುಂಪಿಗೆ ಒಳ್ಳೆಯ ಊಟ, ವಿಶ್ರಾಂತಿ, ದಾದಿಯರ ಆರೈಕೆ. ಮನೆಯ ಗುಂಪಿಗೆ ಇಕ್ಕಟ್ಟಾದ ಮನೆ, ಅರೆಹೊಟ್ಟೆ, ಕೆಲವರಿಗೆ ದುಡಿಮೆಯೂ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ವರ್ಷದ ಕೊನೆಗೆ ರೋಗ ಶಮನವಾದವರು ಸ್ಯಾನಟೋರಿಯಂನಲ್ಲಿ ಶೇ. 92, ಮನೆಯಲ್ಲಿ ಶೇ. 86. ಮನೆಯವರಿಗೆ ರೋಗ ಅಂಟುವ ಭಯವಿತ್ತಲ್ಲ, ಅದನ್ನೂ ಐದು ವರ್ಷ ಬೆನ್ನುಹತ್ತಿ ನೋಡಿದರು. ಮನೆಯಲ್ಲೇ ಚಿಕಿತ್ಸೆ ಪಡೆದವರ ಕುಟುಂಬಕ್ಕೆ ಹೆಚ್ಚಿನ ಅಪಾಯವೇನೂ ಕಾಣಲಿಲ್ಲ. ಅಂಟಬೇಕಾದದ್ದು ಬಹುಮಟ್ಟಿಗೆ ರೋಗ ಪತ್ತೆಯಾಗುವ ಮೊದಲೇ ಅಂಟಿರುತ್ತಿತ್ತು. ಔಷಧಿ ಶುರುವಾದ ಮೇಲೆ ರೋಗಿಯಿಂದ ಸೋಂಕು ಹರಡುವುದು ಬೇಗ ಇಳಿಯುತ್ತಿತ್ತು.

ಈ ಅಂಕಿಗಳ ಹಿಂದೆ ಹೆಲ್ತ್ ವಿಸಿಟರುಗಳ ಕಾಲ್ನಡಿಗೆ ಇದೆ. ಪಾಸ್ ಎಂಬುದು ದಿನಕ್ಕೆ ಹಲವು ಗ್ರಾಂ ನುಂಗಬೇಕಾದ, ಹೊಟ್ಟೆ ತೊಳೆಸುವ ಔಷಧಿ. ಕೊಟ್ಟದ್ದನ್ನು ರೋಗಿ ನುಂಗುತ್ತಿದ್ದಾನೋ ಮೋರಿಗೆ ಹಾಕುತ್ತಿದ್ದಾನೋ ತಿಳಿಯಲು ಅವರು ಹೇಳದೆ ಕೇಳದೆ ಮನೆಗೆ ಹೋಗುತ್ತಿದ್ದರು, ಉಳಿದ ಔಷಧಿ ಎಣಿಸುತ್ತಿದ್ದರು, ಮೂತ್ರದ ಮಾದರಿ ತರುತ್ತಿದ್ದರು. ಆ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ದ್ರಾವಣ ಬಿಟ್ಟರೆ, ಪಾಸ್ ಒಳಗೆ ಹೋಗಿದ್ದಲ್ಲಿ ನೇರಳೆ ಛಾಯೆಯ ಬಣ್ಣ ಏಳುತ್ತದೆ; ಇಲ್ಲದಿದ್ದರೆ ಇಲ್ಲ. ‘ತಗೊಂಡೆ ಅಮ್ಮ’ ಎಂಬ ಮಾತಿಗೂ ಬಣ್ಣಕ್ಕೂ ತಾಳೆಯಾಗದಾಗ ಗದರುವುದಕ್ಕಿಂತ ಕಾರಣ ಕೇಳುವುದು ಲಾಭ ಎಂದು ಅಲ್ಲಿ ಕಲಿತರು. ಹೊಟ್ಟೆನೋವು, ಹುಷಾರಾಯಿತೆಂಬ ಭಾವನೆ, ಕೂಲಿ ತಪ್ಪುವ ಚಿಂತೆ, ಕುಡಿತ, ಊರ ಜಾತ್ರೆ ಹೀಗೆ ಕಾರಣಗಳಿಗೇನು ಕಡಿಮೆ. ಚಿಕಿತ್ಸೆ ಕೈಬಿಡುವುದನ್ನು ರೋಗಿಯ ತಪ್ಪೆಂದು ಬರೆದು ಮುಗಿಸದೆ ಅಧ್ಯಯನದ ವಸ್ತುವಾಗಿ ಎತ್ತಿಕೊಂಡದ್ದು ಮದರಾಸು ಕೇಂದ್ರದ ಸಣ್ಣ ಸಾಧನೆಯಲ್ಲ.

ಅಲ್ಲಿಂದ ಮುಂದೆ, ದಿನವೂ ಮಾತ್ರೆ ಕೊಡುವ ಬದಲು ವಾರಕ್ಕೆ ಎರಡು ಸಲ ಸಿಬ್ಬಂದಿಯ ಕಣ್ಣೆದುರು ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು ಹಾಗೂ ಐಸೋನಿಯಾಜಿಡ್ ಕೊಟ್ಟರೂ ಗುಣವಾಗುತ್ತದೆ ಎಂದು 1964ರಲ್ಲಿ ಅದೇ ಕೇಂದ್ರ ತೋರಿಸಿತು. ಕಣ್ಣೆದುರೇ ಔಷಧಿ ನುಂಗಿಸುವ ಪದ್ಧತಿಯ ಬೇರು ಇಲ್ಲಿದೆ. ಚೆನ್ನೈನ ಈ ಕೇಂದ್ರ ಈಗ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ.

ಬೆಂಗಳೂರು ಮತ್ತು ತುಮಕೂರು

ಮದರಾಸಿನಲ್ಲಿ ಉತ್ತರ ಸಿಕ್ಕದ್ದು ಔಷಧಿಯ ಪ್ರಶ್ನೆಗೆ. ಕೋಟಿಗಟ್ಟಲೆ ಹಳ್ಳಿಗರಿಗೆ ಅದನ್ನು ತಲುಪಿಸುವ ಕಾರ್ಯಕ್ರಮ ರೂಪಿಸಲು 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು. ಬಳ್ಳಾರಿ ರಸ್ತೆಯಲ್ಲಿ ಮೈಸೂರು ರಾಜಮನೆತನಕ್ಕೆ ಸೇರಿದ್ದ ‘ಅವಲಾನ್’ ಬಂಗಲೆಯೇ ಅದರ ನೆಲೆ. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವು ಕೊಟ್ಟವು. ಭಾರತದ ಕ್ಷಯ ಕಾರ್ಯಕ್ರಮದಲ್ಲಿ 1951ರಿಂದ ಸುಮಾರು ಹತ್ತು ವರ್ಷ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡಾನ್ ಮಾಲರ್ ಈ ಸಂಸ್ಥೆಯ ಆರಂಭದ ಚಿಂತನೆಯಲ್ಲಿದ್ದರು.

ಸಂಸ್ಥೆಯ ಪ್ರಯೋಗಶಾಲೆ ತುಮಕೂರು ಜಿಲ್ಲೆ. 1960–61ರಲ್ಲಿ ರಾಜ್ ನಾರಾಯಣ್ ಅವರ ತಂಡ ಅಲ್ಲಿನ ಹಳ್ಳಿ, ಪಟ್ಟಣಗಳಲ್ಲಿ ಮನೆಮನೆಯ ಜನರ ಎಕ್ಸ್-ರೇ ಮತ್ತು ಕಫ ಪರೀಕ್ಷೆ ಮಾಡಿತು. ಸೋಂಕು ತಗುಲಿದವರಲ್ಲಿ ಬಹುಮಂದಿ ಮನೆಯಲ್ಲಿ ಕ್ಷಯರೋಗಿಯೇ ಇಲ್ಲದವರು ಎಂಬುದು ಆ ಸಮೀಕ್ಷೆಯ ಅನಿರೀಕ್ಷಿತ ಫಲ. ರೋಗಿಯ ಕುಟುಂಬವನ್ನಷ್ಟೇ ಕಾದರೆ ಸಾಲದು, ಇಡೀ ಊರಿಗೆ ಸೇವೆ ಸಿಗಬೇಕು ಎಂದು ಅದರ ಅರ್ಥ.

ಆ ಸಮೀಕ್ಷೆಯ ಬೆನ್ನಿಗೇ ಬಂದದ್ದು ದೇವವರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಸಮಾಜಶಾಸ್ತ್ರೀಯ ಅಧ್ಯಯನ. ಪ್ರಕಟವಾದದ್ದು 1963ರಲ್ಲಿ. ಅಲ್ಲಿಯವರೆಗೆ ತಜ್ಞರ ಬಾಯಲ್ಲಿ ಒಂದೇ ರಾಗ: ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಮಾಟಮಂತ್ರಕ್ಕೆ ಹೋಗುತ್ತಾರೆ, ಆದ್ದರಿಂದ ಎಕ್ಸ್-ರೇ ವ್ಯಾನುಗಳೇ ಊರೂರಿಗೆ ಹೋಗಿ ರೋಗಿಗಳನ್ನು ಹುಡುಕಬೇಕು. ಬ್ಯಾನರ್ಜಿ ಮತ್ತು ಆಂಡರ್ಸನ್ ಸಮೀಕ್ಷೆಯಲ್ಲಿ ಪತ್ತೆಯಾದವರನ್ನೇ ಹೋಗಿ ಮಾತಾಡಿಸಿದರು. ಜೊತೆಗೆ ಹೋಲಿಕೆಗೆಂದು ರೋಗವಿಲ್ಲದವರನ್ನೂ ಕೇಳಿದರು. ಯಾರು ರೋಗಿ, ಯಾರಲ್ಲ ಎಂದು ಸಂದರ್ಶಕರಿಗೆ ತಿಳಿದು ಅದು ಉತ್ತರಕ್ಕೆ ಬಣ್ಣ ಕೊಡಬಾರದೆಂಬ ಎಚ್ಚರದಲ್ಲಿ ಅಧ್ಯಯನ ರೂಪಿಸಿದ್ದರು.

ಕಫದಲ್ಲಿ ರೋಗಾಣು ಇದ್ದವರಲ್ಲಿ ಸುಮಾರು ಶೇ. 95 ಮಂದಿಗೆ ತಮಗೆ ಏನೋ ಆಗಿದೆ ಎಂಬ ಅರಿವಿತ್ತು. ಶೇ. 70ಕ್ಕೂ ಹೆಚ್ಚು ಮಂದಿಗೆ ಅದೇ ಚಿಂತೆಯಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಸಿಕ್ಕದ್ದು ಕೆಮ್ಮಿನ ಮಿಕ್ಸ್ಚರ್ ಬಾಟಲಿ. ಕಫ ನೋಡಿದವರಿಲ್ಲ, ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದವರೂ ಕಡಿಮೆ. ಅಜ್ಞಾನ ಇದ್ದದ್ದು ಮೇಜಿನ ಈಚೆ ಬದಿಯಲ್ಲಲ್ಲ, ಆಚೆ ಬದಿಯಲ್ಲಿ. ಸಾರ್ವಜನಿಕ ಆರೋಗ್ಯದ ಸಾಹಿತ್ಯದಲ್ಲಿ ರೋಗಿಯ ಪರವಾಗಿ ಇಷ್ಟು ಸ್ಪಷ್ಟವಾಗಿ ಅಂಕಿಅಂಶ ಮಾತಾಡಿದ ಉದಾಹರಣೆಗಳು ವಿರಳ. ಕ್ಷಯವನ್ನು ಬೇರೆ ವ್ಯಾನು, ಬೇರೆ ಇಲಾಖೆ ಇಟ್ಟುಕೊಂಡು ಹುಡುಕುವುದರ ಬದಲು, ಜನ ತಾವಾಗಿಯೇ ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಪತ್ತೆಹಚ್ಚಬಹುದು ಎಂಬ ವಾದಕ್ಕೆ ಇಲ್ಲಿ ಆಧಾರ ಸಿಕ್ಕಿತು.

ಮಾಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು; 1978ರ ಅಲ್ಮಾ-ಆಟಾ ಸಮ್ಮೇಳನದಲ್ಲಿ ಪ್ರಾಥಮಿಕ ಆರೋಗ್ಯ ಸೇವೆಯ ಘೋಷಣೆ ಹೊರಟದ್ದು ಅವರ ಕಾಲದಲ್ಲೇ. ಬ್ಯಾನರ್ಜಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರ ಕಟ್ಟಿ, ಒಂದೊಂದು ರೋಗಕ್ಕೆ ಒಂದೊಂದು ಕಾರ್ಯಕ್ರಮ ಮಾಡುವ ಸರ್ಕಾರಿ ರೂಢಿಯನ್ನು ಕೊನೆಯವರೆಗೂ ಟೀಕಿಸಿದರು. ಅಲ್ಮಾ-ಆಟಾದ ದಾರಿ ತುಮಕೂರಿನ ಮೇಲೂ ಹಾದುಹೋಗಿದೆ ಎಂದರೆ ಅತಿಶಯವಲ್ಲ.

119 ಹಳ್ಳಿಗಳು

ಚಿಕಿತ್ಸೆ ಇಲ್ಲದೆ ಬಿಟ್ಟರೆ ಕ್ಷಯ ಏನು ಮಾಡುತ್ತದೆ? 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ನಡೆದ ಸಮೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. ಆ ಪ್ರದೇಶದಲ್ಲಿ ಸಂಘಟಿತ ಚಿಕಿತ್ಸಾ ಕಾರ್ಯಕ್ರಮ ಇರಲಿಲ್ಲ. ಮೊದಲ ಸುತ್ತಿನಲ್ಲಿ ಸಿಕ್ಕ ರೋಗಿಗಳಲ್ಲಿ ಐದು ವರ್ಷದ ಕೊನೆಗೆ ಶೇ. 49.2 ಮಂದಿ ತೀರಿಕೊಂಡಿದ್ದರು, ಶೇ. 32.4 ಮಂದಿಗೆ ತಾನಾಗಿಯೇ ವಾಸಿಯಾಗಿತ್ತು, ಶೇ. 18.4 ಮಂದಿ ಇನ್ನೂ ರೋಗಾಣು ಉಗುಳುತ್ತಿದ್ದರು. 1974ರಲ್ಲಿ ಅಚ್ಚಾದ ಈ ಮೂರು ಅಂಕಿಗಳು ಸಾಂಕ್ರಾಮಿಕ ರೋಗಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಉಲ್ಲೇಖವಾಗುತ್ತವೆ. ಚಿಕಿತ್ಸೆ ಅರೆಬರೆಯಾದರೆ ಸಾಯುವವರು ಕಡಿಮೆಯಾದರೂ ದೀರ್ಘಕಾಲದ ರೋಗಿಗಳು ಹೆಚ್ಚುತ್ತಾರೆ, ಹಾಗಾಗಿ ಕೆಟ್ಟ ಕಾರ್ಯಕ್ರಮ ಊರಿಗೆ ಕೇಡನ್ನೂ ಮಾಡಬಲ್ಲದು ಎಂಬ ಮುಖ್ಯವಾದ ತರ್ಕಕ್ಕೆ ಇವೇ ಬುನಾದಿ.

ಇಂದಿನ ಸಂಶೋಧನಾ ನೈತಿಕತೆಯ ಸಮಿತಿ ಇಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡದು. ಪರಿಣಾಮಕಾರಿ ಔಷಧಿ ಜಗತ್ತಿನಲ್ಲಿ ಇದ್ದಾಗಲೇ ಅರ್ಧದಷ್ಟು ರೋಗಿಗಳು ಐದು ವರ್ಷದಲ್ಲಿ ಸತ್ತರೆಂಬುದನ್ನು ಬರೀ ಅಂಕಿಯಾಗಿ ಓದಿ ದಾಟುವುದು ಕಷ್ಟ. ಆ ಕಾಲದ ದೇಶದ ಬಹುಪಾಲು ಹಳ್ಳಿಗಳ ಸ್ಥಿತಿಯೂ ಅದೇ ಆಗಿತ್ತು, ಎಣಿಸುವವರು ಇರಲಿಲ್ಲ ಅಷ್ಟೆ.

ಜಿಲ್ಲಾ ಕಾರ್ಯಕ್ರಮ

ಮದರಾಸು ಮತ್ತು ತುಮಕೂರಿನ ಮೊದಲ ಅಧ್ಯಯನಗಳ ಮೇಲೆ ಕಟ್ಟಿದ್ದು 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ. ಜಿಲ್ಲೆಗೊಂದು ಕ್ಷಯ ಕೇಂದ್ರ, ಅಲ್ಲಿ ಎಕ್ಸ್-ರೇ; ಸುತ್ತಲ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೂಕ್ಷ್ಮದರ್ಶಕ. ಎರಡು ವಾರ ಮೀರಿದ ಕೆಮ್ಮಿನವರ ಕಫವನ್ನು ಸ್ಲೈಡಿಗೆ ತೆಳ್ಳಗೆ ಸವರಿ, ಕಾರ್ಬಾಲ್ ಫಕ್ಸಿನ್ ಸುರಿದು, ಕೆಳಗಿನಿಂದ ಆವಿ ಏಳುವಷ್ಟು ಕಾಯಿಸಿ, ಆಮ್ಲದಲ್ಲಿ ತೊಳೆದು, ಮೆಥಿಲೀನ್ ನೀಲಿ ಬಿಡುತ್ತಾರೆ. ಉಳಿದದ್ದೆಲ್ಲ ನೀಲಿಯಾದರೂ ಕ್ಷಯದ ರೋಗಾಣು ಮೇಣದಂಥ ಹೊದಿಕೆಯಿಂದಾಗಿ ಕೆಂಪನ್ನು ಬಿಟ್ಟುಕೊಡುವುದಿಲ್ಲ. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳಾಗಿ ಕಾಣುತ್ತದೆ. ಕೆಲವೇ ವಾರಗಳ ತರಬೇತಿಯಲ್ಲಿ ಕಲಿಯಬಹುದಾದ ವಿದ್ಯೆ. ಹೊರರೋಗಿಗಳಾಗಿ ತಾವೇ ಬರುವ ಕೆಮ್ಮಿನವರ ಕಫ ನೋಡಿದರೆ ಸಾಕು, ಜಿಲ್ಲೆಯಲ್ಲಿರುವ ರೋಗಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಒಂದು ವರ್ಷದಲ್ಲಿ ಸಿಗುತ್ತಾರೆ ಎಂದು ಜಿ.ವಿ.ಜೆ. ಬೈಲಿ ಮತ್ತು ಸಂಗಡಿಗರು 1967ರಲ್ಲಿ ಲೆಕ್ಕ ಕೊಟ್ಟರು.

ಕಾಗದದ ಮೇಲೆ ಇದಕ್ಕಿಂತ ಒಪ್ಪವಾದ ಯೋಜನೆ ಸಿಗುವುದು ಕಷ್ಟ. ನಡೆದದ್ದು ಬೇರೆ. ಕುಟುಂಬ ಯೋಜನೆಯ ಗುರಿ ಮುಟ್ಟಿಸುವುದೇ ಆರೋಗ್ಯ ಕೇಂದ್ರಗಳ ಮುಖ್ಯ ಕೆಲಸವಾದ ಕಾಲ ಅದು. ಅಗ್ಗದ ಐಸೋನಿಯಾಜಿಡ್–ಥಯಾಸಿಟಜೋನ್ ಮಾತ್ರೆಯನ್ನು ಒಂದು ಒಂದೂವರೆ ವರ್ಷ ನುಂಗಬೇಕು, ಅದೂ ಪ್ರತಿ ತಿಂಗಳು ಹೋಗಿ ತರಬೇಕು; ಹೋದಾಗ ದಾಸ್ತಾನು ಇಲ್ಲ. 1992ರಲ್ಲಿ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಪರಿಶೀಲಿಸಿದಾಗ, ಚಿಕಿತ್ಸೆ ಪೂರ್ಣಗೊಳಿಸುತ್ತಿದ್ದವರು ಅರ್ಧಕ್ಕಿಂತ ಕಡಿಮೆ ಎಂಬುದು ಬಯಲಾಯಿತು. ಮೂವತ್ತು ವರ್ಷ ಹಿಂದೆ ಮದರಾಸು, ಬೆಂಗಳೂರಿನ ಸಂಸ್ಥೆಗಳ ಸಂಶೋಧನೆ ಎಚ್ಚರಿಸಿದ್ದೂ ಇದನ್ನೇ.

ಈ ನಡುವೆ ಚೆಂಗಲ್ಪಟ್ಟು ಪ್ರದೇಶದಲ್ಲಿ 1968ರಿಂದ ಸುಮಾರು 2,60,000 ಜನರ ಮೇಲೆ ನಡೆದ ಬಿಸಿಜಿ ಲಸಿಕೆಯ ಪ್ರಯೋಗ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯುವುದಿಲ್ಲ ಎಂದು ತೋರಿಸಿ ಜಗತ್ತನ್ನು ಬೆಚ್ಚಿಸಿತು. ಮಕ್ಕಳ ಮೆದುಳು ಪೊರೆಯ ಕ್ಷಯದಂಥ ತೀವ್ರ ರೂಪಗಳಿಂದ ರಕ್ಷಿಸುತ್ತದೆ ಎಂಬ ಕಾರಣಕ್ಕೆ ಲಸಿಕೆ ಉಳಿದುಕೊಂಡಿತು.

ಕಣ್ಣೆದುರು ನುಂಗಿಸುವುದು

ರಿಫಾಂಪಿಸಿನ್ ಎಂಬ ಔಷಧಿ ಬಂದ ಮೇಲೆ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. 1993ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ 1997ರಲ್ಲಿ ವಿಸ್ತರಿಸಿದ ಪರಿಷ್ಕೃತ ಕಾರ್ಯಕ್ರಮ 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿತು. ‘ಡಾಟ್ಸ್’ ಎಂದೇ ಜನರಿಗೆ ಪರಿಚಯವಾದ ಈ ಪದ್ಧತಿಯಲ್ಲಿ ರೋಗಿಯ ಹೆಸರು ಬರೆದ ಪೂರ್ತಿ ಆರು ತಿಂಗಳ ಔಷಧಿ ಪೆಟ್ಟಿಗೆ ಆರೋಗ್ಯ ಕೇಂದ್ರದಲ್ಲಿ ಇರುತ್ತಿತ್ತು. ವಾರಕ್ಕೆ ಮೂರು ದಿನ ಸಿಬ್ಬಂದಿ ಎದುರು ನುಂಗಬೇಕು. ಔಷಧಿ ಮುಗಿದುಹೋಯಿತೆಂಬ ಮಾತು ನಿಂತಿತು, ಗುಣವಾದವರ ಪ್ರಮಾಣ ಏರಿತು.

ಇದರಲ್ಲಿ ಕಣ್ಣೆದುರು ನುಂಗಿಸಿದ್ದರ ಪಾಲೆಷ್ಟು, ಬಿಡುವಿಲ್ಲದ ಔಷಧಿ ಪೂರೈಕೆಯ ಪಾಲೆಷ್ಟು ಎಂಬುದು ಬೇರೆ ಮಾತು. ಹಲವು ದೇಶಗಳ ಯಾದೃಚ್ಛಿಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಗೆ, ರೋಗಿಯೇ ತಾನಾಗಿ ನುಂಗುವುದಕ್ಕಿಂತ ಕಣ್ಗಾವಲು ಮೇಲು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ದಿನಗೂಲಿಯವನಿಗೆ ವಾರಕ್ಕೆ ಮೂರು ಬೆಳಗು ಆಸ್ಪತ್ರೆಯಲ್ಲಿ ಕಳೆಯುವುದೇ ಶಿಕ್ಷೆ. ಕಾರ್ಯಕ್ರಮ ಮೆಲ್ಲಗೆ ಆಶಾ ಕಾರ್ಯಕರ್ತೆ, ಅಂಗನವಾಡಿ, ನೆರೆಮನೆಯ ಕಡೆ ವಾಲಿತು. 2017ರಿಂದ ದಿನವೂ ಔಷಧಿ ಕೊಡುವ ಪದ್ಧತಿಗೆ ಮರಳಿತು.

ತುಮಕೂರಿನ ಮಿಕ್ಸ್ಚರ್ ಬಾಟಲಿ ಕೂಡ ಇನ್ನೊಂದು ರೂಪದಲ್ಲಿ ಉಳಿದಿದೆ. 2015ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ, ಕ್ಷಯದ ಲಕ್ಷಣ ಹೇಳಲು ತರಬೇತಿ ಪಡೆದವರು ಗುಟ್ಟಾಗಿ ರೋಗಿಗಳಂತೆ ಖಾಸಗಿ ವೈದ್ಯರ ಬಳಿ ಹೋದರು. 250 ಭೇಟಿಗಳಲ್ಲಿ ಸರಿಯಾದ ನಿರ್ವಹಣೆ ಸಿಕ್ಕದ್ದು ಶೇ. 21ರಲ್ಲಿ ಮಾತ್ರ. ಇನ್ನೊಂದೆಡೆ 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎದೆಯ ತೊಂದರೆ ಇದ್ದವರಲ್ಲಿ ಶೇ. 64 ಮಂದಿ ಎಲ್ಲಿಗೂ ತೋರಿಸಿಕೊಂಡಿರಲಿಲ್ಲ. ಎಕ್ಸ್-ರೇ ಇಲ್ಲದಿದ್ದರೆ ರೋಗಿಗಳಲ್ಲಿ ಶೇ. 42.6 ಮಂದಿ ಸಿಗುತ್ತಲೇ ಇರಲಿಲ್ಲ. ಇದನ್ನು ತುಮಕೂರಿನ ತೀರ್ಮಾನಕ್ಕೆ ಎದುರಾಗಿ ನಿಲ್ಲಿಸುವವರಿದ್ದಾರೆ. ಅಲ್ಲಿ ಕೇಳಿದ್ದು ಖಚಿತ ರೋಗಿಗಳನ್ನು, ಇಲ್ಲಿ ಕೇಳಿದ್ದು ಲಕ್ಷಣ ಇದ್ದವರೆಲ್ಲರನ್ನು. ಎರಡೂ ಒಂದೇ ತಕ್ಕಡಿಯವಲ್ಲ. ಆದರೆ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಸಾಲದು ಎಂಬುದು ಈಗ ಖಚಿತ. ಅರವತ್ತು ವರ್ಷದ ಬಳಿಕ ಎಕ್ಸ್-ರೇ ಮತ್ತೆ ಹಳ್ಳಿಗೆ ಹೊರಟಿದೆ, ಈ ಸಲ ಕೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿ.

ದಾದಿಯರ ಪಾಲು

ಮೇಲಿನ ಯಾವ ಅಧ್ಯಯನವೂ ದಾದಿಯರು, ಹೆಲ್ತ್ ವಿಸಿಟರುಗಳು ಇಲ್ಲದೆ ನಡೆಯುವಂತಿರಲಿಲ್ಲ. ಕಫ ಸಂಗ್ರಹಿಸುವುದು ಸುಲಭದ ಕೆಲಸವೆಂದು ಮಾಡದವರಿಗೆ ಮಾತ್ರ ಅನ್ನಿಸೀತು: ಜೊಲ್ಲು ಬೇಡ, ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ಉಗುಳಬೇಕು, ಬಯಲಲ್ಲಿ ಉಗುಳಬೇಕು, ನಾಲ್ಕು ಜನರೆದುರು ನಾಚುವ ಹೆಣ್ಣುಮಗಳಿಗೆ ಮರೆ ಬೇಕು. ಸ್ಲೈಡಿನ ಫಲಿತಾಂಶ ನಿಂತಿರುವುದು ಈ ಒಂದು ನಿಮಿಷದ ಮಾತುಕತೆಯ ಮೇಲೆ. ಸೊಸೆಗೆ ಕ್ಷಯವೆಂದರೆ ತವರಿಗೆ ಕಳಿಸಿಬಿಡುವ ಮನೆಗಳಲ್ಲಿ ಸುದ್ದಿಯನ್ನು ಯಾರಿಗೆ ಮೊದಲು ಹೇಳಬೇಕೆಂಬುದನ್ನೂ ತೀರ್ಮಾನಿಸುವವರು ಅವರೇ. ಹೀಗಿದ್ದೂ ಈ ಕ್ಷೇತ್ರದ ಪ್ರಬಂಧಗಳಲ್ಲಿ ದಾದಿಯರು ಲೇಖಕರಾಗಿ ಕಾಣುವುದು ಅಪರೂಪ. ನಮ್ಮಲ್ಲಿ ನರ್ಸಿಂಗ್ ಸಂಶೋಧನೆ ಬಹುಪಾಲು ಎಂ.ಎಸ್ಸಿ. ಪ್ರಬಂಧದ ‘ಜ್ಞಾನಮಟ್ಟ ಅಳೆಯುವ’ ಪ್ರಶ್ನಾವಳಿಗೆ ಸೀಮಿತವಾಗಿರುವುದು, ಅಂದರೆ ರೋಗಿಗೆ ಏನು ಗೊತ್ತಿಲ್ಲ ಎಂದು ಎಣಿಸುತ್ತ ಕೂರುವುದು, ತುಮಕೂರಿನ ಪಾಠವನ್ನು ಓದದ ಲಕ್ಷಣ.

ಅನ್ನದ ಪ್ರಶ್ನೆ

1959ರ ಮದರಾಸು ವರದಿಯ ಒಂದು ಸಾಲು ಎಲ್ಲರಿಗೂ ಹಿಡಿಸಿತು: ಊಟ ಕಳಪೆಯಾಗಿದ್ದರೂ ಔಷಧಿ ಕೆಲಸ ಮಾಡುತ್ತದೆ. ಮಾತು ನಿಜ. ಆದರೆ ಅದನ್ನು ‘ಊಟ ಮುಖ್ಯವಲ್ಲ’ ಎಂದು ಓದಿಕೊಂಡು, ಸ್ಯಾನಟೋರಿಯಂ ಮುಚ್ಚುವಾಗ ಅದರ ಅಡುಗೆಮನೆಯನ್ನೂ ಮುಚ್ಚಿದರು. ಹಸಿದ ಮೈಯಲ್ಲಿ ರೋಗ ಹುಟ್ಟುವುದು ಹೆಚ್ಚೇ ಎಂಬ ಪ್ರಶ್ನೆಯನ್ನು ಆ ಪ್ರಯೋಗ ಕೇಳಿರಲೇ ಇಲ್ಲ.

ಅದನ್ನು ಕೇಳಿದ್ದು ಜಾರ್ಖಂಡಿನಲ್ಲಿ 2019ರಿಂದ ನಡೆದ ‘ರೇಷನ್ಸ್’ ಪ್ರಯೋಗ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ಮುಂದಾಳತ್ವದಲ್ಲಿ 2,800 ರೋಗಿಗಳು, ಅವರ ಮನೆಗಳ 10,345 ಮಂದಿ ಸೇರಿದರು. ಎಲ್ಲ ರೋಗಿಗಳಿಗೂ ತಿಂಗಳಿಗೆ ಅಕ್ಕಿ, ಬೇಳೆ, ಹಾಲಿನಪುಡಿ, ಎಣ್ಣೆಯ 10 ಕಿಲೋ ಬುಟ್ಟಿ. ಒಂದು ಗುಂಪಿನಲ್ಲಿ ಮನೆಯವರಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. 2023ರಲ್ಲಿ ಫಲಿತಾಂಶ ಬಂತು: ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು, ಸೋಂಕು ಹರಡುವ ಖಚಿತ ಶ್ವಾಸಕೋಶದ ಕ್ಷಯ ಶೇ. 48ರಷ್ಟು ಕಡಿಮೆ. ರೋಗಿಗಳಲ್ಲಿ ಐವರಿಗೆ ನಾಲ್ವರು ತೂಕ ಕಡಿಮೆಯವರೇ; ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕೆಳಗಿತ್ತು. ಲಸಿಕೆಯಿಂದ ಸಿಗದ ರಕ್ಷಣೆ ಅಕ್ಕಿಬೇಳೆಯಿಂದ ಸಿಕ್ಕಿತ್ತು.

ಸರ್ಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಪ್ರಯೋಗದಲ್ಲಿ ಕೊಟ್ಟದ್ದು ಹಣವಲ್ಲ, ದಿನಸಿ. ಖಾತೆಗೆ ಬಿದ್ದ ದುಡ್ಡು ಅಷ್ಟೇ ಅಕ್ಕಿಬೇಳೆಯಾಗಿ ಒಲೆಯ ಮೇಲೇರುತ್ತದೆಯೇ, ಆ ಪಾಲು ಮನೆಯ ಹೆಣ್ಣುಮಕ್ಕಳ ತಟ್ಟೆಗೂ ಬೀಳುತ್ತದೆಯೇ ಎಂಬುದನ್ನು ಮನೆಯೊಳಗೆ ಹೋಗಿ ನೋಡಬಲ್ಲವರು ಮತ್ತೆ ಅದೇ ದಾದಿಯರು, ಆಶಾ ಕಾರ್ಯಕರ್ತೆಯರು.